ಹನ್ನೊಂದನೇ ಬೇಸಿನ್

ಶಿಡ್ಲಘಟ್ಟದ ಹಳೇ ಫಿಲೇಚರಿಗೆ ಈಗ ಗಾಜಿನ ಬಾಗಿಲು.
ತಳ್ಳಬೇಕೋ ಎಳೆಯಬೇಕೋ ತಿಳಿಯದೆ
ನಿಂತೇ ಇದ್ದೆವು, ನಾನು, ಖುತೇಜಾಬಿ.
ಒಳಗಿನಿಂದ ಹುಡುಗನೊಬ್ಬ ಬಂದು ತೆಗೆದು
ಬನ್ನಿ ಮೇಡಂ ಅಂದ.
ಇದೇ ಹೊಸ್ತಿಲಲ್ಲಿ ಸಂಜೆ ಆರಕ್ಕೆ
ನಮ್ಮ ಸೆರಗು ಒದರಿಸಿ ನೋಡಿ ಕಳಿಸುತ್ತಿದ್ದರು,
ಎಲ್ಲಾದರೂ ಒಂದು ಗೂಡು ಅಡಗಿದ್ದೀತೆಂದು.

ಹೊಗೆಕೊಳವೆ ಉಳಿಸಿದ್ದಾರೆ. ಅದಕ್ಕೆ ದೀಪದ ಸರ ಸುತ್ತಿದ್ದಾರೆ.
ಗೋಡೆಯ ಗಾರೆ ಬೇಕೆಂದೇ ಕಿತ್ತು
ಇಟ್ಟಿಗೆ ಕಾಣುವಂತೆ ಬಿಟ್ಟಿದ್ದಾರೆ
(ನಮ್ಮ ಮನೆ ಹೀಗಿದ್ದರೆ ಬೀಗರು ಒಳಗೇ ಬರುತ್ತಿರಲಿಲ್ಲ).
ಬಾಯ್ಲರಿನ ಹೊಟ್ಟೆ ಕುಯ್ದು ಬಾಟಲಿ ಜೋಡಿಸಿದ್ದಾರೆ.
ಬೆಂದ ಹುಳದ ವಾಸನೆ ಹೋಗಿದೆ.
ನಾವೇ ಹೊತ್ತು ಹೋಗಿದ್ದೆವಲ್ಲ ಮನೆಗೆ,
ದಿನಾ, ಸೀರೆಯಲ್ಲಿ, ಸ್ವಲ್ಪ ಸ್ವಲ್ಪ.

ಗೋಡೆಯಲ್ಲೊಂದು ಫೋಟೊ:
ಸಾಲಾಗಿ ಕೂತ ಹೆಂಗಸರು, ಹಬೆ, ಮಸುಕು ಮುಖ.
ಕೆಳಗೆ ಇಸವಿ ಇದೆ. ಹೆಸರಿಲ್ಲ.
"ಮೂರನೇದು ಪಿಳ್ಳಕ್ಕ" ಅಂದಳು ಖುತೇಜಾಬಿ,
"ಕಿವಿ ನೋಡು."

ಕಿಟಕಿ ಎಣಿಸಿದೆ. ಐದು ಬಿಟ್ಟು ಆರನೇದು.
ಅದರ ಕೆಳಗೆ ನನ್ನ ಬೇಸಿನ್, ಹನ್ನೊಂದು;
ಅವಳದು ಹನ್ನೆರಡು.
ಈಗಲ್ಲಿ ಒಂದು ಮೇಜು, ಬಿಳಿ ಬಟ್ಟೆ, ಮೊಂಬತ್ತಿ,
ರಿಸರ್ವ್ಡ್ ಅಂತ ಚೀಟಿ.
ಅವಳ ಮೊಮ್ಮಗ ತೌಸೀಫ್ ಇಲ್ಲಿ ಅಡುಗೆಯವನು.
ಚೀಟಿ ಅವನದೇ ಕೈಬರಹ.

ಇಬ್ಬರಿಗೂ ಒಂದೇ ಕನ್ನಡಕ. ಸರದಿಯಲ್ಲಿ ಮೆನು ಓದಿದೆವು.
ಬೆಲೆ ಮಾತ್ರ ಕನ್ನಡಕವಿಲ್ಲದೆಯೂ ಕಂಡಿತು.
ನೂರಾ ಎಂಬತ್ತು ಆಗ ನನ್ನ ತಿಂಗಳ ಕೂಲಿ,
ಇಲ್ಲಿ ಒಂದು ಸೀಸೆ ನೀರು.
ಟೊಮೇಟೊ ಇಟಲಿಯ ಡಬ್ಬಿಯದಂತೆ.
ಚಿಂತಾಮಣಿ ರಸ್ತೆಯಲ್ಲಿ ಬರುವಾಗ
ನಮ್ಮ ಬಸ್ಸಿಗೆ ದಾರಿ ಕೊಡದ ಲಾರಿಗಳ ತುಂಬ
ಏನಿತ್ತೆಂದು ನೆನಪಾಗಿ
ಇಬ್ಬರೂ ನೀರು ಕುಡಿದೆವು.

ತಟ್ಟೆ ಬಂತು.
ಅಗಲ ಬಿಳಿ ತಟ್ಟೆ, ನಡುವೆ ಗುಳಿ,
ಗುಳಿಯಲ್ಲಿ ಹಬೆಯಾಡುವ ಎಳೆಗಳ ಉಂಡೆ:
ಮೈಸೂರು ಗೂಡಿನ ಹಳದಿ, ಒದ್ದೆ, ಜಾರು.
ಮೇಲೆ ಕಾಮಕಸ್ತೂರಿ ಎಲೆ; ಅದಕ್ಕೂ ಬೇರೆ ಹೆಸರಿಟ್ಟಿದ್ದಾರೆ.
ಮುಖ ಮುಖ ನೋಡಿಕೊಂಡೆವು.

ಫೋರ್ಕು ಹೀಗೆ ಚುಚ್ಚಿ, ಹೀಗೆ ತಿರುಗಿಸಿ, ಅಂತ
ಕಲಿಸಲು ಬಂದ ಹುಡುಗನ ಮಾತು ಮುಗಿಯಲಿಲ್ಲ.
ಖುತೇಜಾಬಿ ಆಗಲೇ ತುದಿ ಹುಡುಕಿದ್ದಳು.
ಎಂಟು ಎಳೆ ಆರಿಸಿದಳು, ಎಣಿಸಿ.
ತಿರುಗಿಸಿದಳು, ಒಂದು ಹನಿ ತೊಟ್ಟಿಕ್ಕದ ಹಾಗೆ,
ಸೂಪರ್‌ವೈಸರ್ ಹಿಂದೆ ನಿಂತ ಹಾಗೆ.
ನಡುವೆ ಒಂದೆಳೆ ಹರಿಯಿತು.
ಎಡಗೈ ಯಾರನ್ನೂ ಕೇಳದೆ ಬಂದು
ಇನ್ನೊಂದನ್ನು ಚಿಮ್ಮಿ ಸೇರಿಸಿತು.
ಹುಡುಗ ನೋಡುತ್ತ ನಿಂತ, ಚೀಸಿನ ತುರಿಮಣೆ ಹಿಡಿದುಕೊಂಡೇ.

ತೌಸೀಫ್ ಬಂದ, ಹೆಗಲಲ್ಲಿ ಟವೆಲು. ಹೆಂಗೈತೆ ದಾದಿ?
"ನಡುವೆ ಗಟ್ಟಿ ಐತಲ್ಲಪ್ಪಾ, ಬೆಂದಿಲ್ಲ" ಅಂದೆ ನಾನು.
ಹಾಗೇ ಇರಬೇಕು ಅಜ್ಜಿ, ಅವರ ದೇಶದಲ್ಲಿ, ಅಂತ ಅವನು ಶುರುಮಾಡಿದರೆ
ಇವಳು ನನ್ನ ಮೊಣಕೈ ತಿವಿದಳು:
"ಗೂಡೂ ಹಂಗೇ ಅಲ್ಲವೇನೆ?
ಜಾಸ್ತಿ ಬೆಂದ್ರೆ ಎಳೆ ಹರೀತೈತೆ,
ಕಮ್ಮಿ ಬೆಂದ್ರೆ ತುದಿ ಕೊಡಲ್ಲ.
ಸರಿಯಾಗೇ ಬೇಯ್ಸವ್ನೆ ನನ್ನ ಹುಡುಗ."

ಆಮೇಲೆ ಅವನ ಕೈ ಎಳೆದುಕೊಂಡು
ಮೊಂಬತ್ತಿಗೆ ಹಿಡಿದು ಬೆರಳ ತುದಿ ತಡವಿದಳು,
ರೇಷನ್ ಅಂಗಡಿಯ ಯಂತ್ರ ಎಷ್ಟು ಒತ್ತಿದರೂ
ಗುರುತು ಹಿಡಿಯದ ತನ್ನ ಬೆರಳಲ್ಲಿ.
"ಕುದಿಯೋ ನೀರಿಗೆ ಕೈ ಹಾಕ್ತೀಯಾ?"
ಇಲ್ಲ ದಾದಿ. ಇಕ್ಕಳ ಐತೆ.
"ಇಕ್ಕಳ ಐತಾ" ಅಂದಳು.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಅಂದಳು.

ಕೈ ತೊಳೆಯಲು ಹೋದೆ.
ಗೂಡು ಒಣಗಿಸುತ್ತಿದ್ದ ಕೋಣೆ ಅದು, ಈಗ ಕನ್ನಡಿಗಳು.
ನಲ್ಲಿಗೆ ತಿರುಪಿಲ್ಲ. ಕೈ ಚಾಚಿದೆ, ತಾನಾಗಿ ಬಂತು,
ಉಗುರೆಲ್ಲ ಹಿಂದಕ್ಕೆ ಹಾರಿದವು.
ಬೆಚ್ಚಗಿತ್ತು, ಅಷ್ಟೆ.
ಮತ್ತೆ ಹಿಡಿದೆ.
ತೆಗೆದರೆ ನಿಲ್ಲುತ್ತಿತ್ತು,
ಹಿಡಿದರೆ ಬರುತ್ತಿತ್ತು.
ಹೊರಗೆ ಯಾರೋ ಕಾಯುತ್ತಿದ್ದರು. ಕಾಯಲಿ ಅಂತ
ಇನ್ನೊಂದು ಸಲ ಹಿಡಿದೆ.